ಹೇಂಟೆಯ ಕಾವು, ಮರಿಗಳ ಆರೈಕೆ: ನನ್ನ ಅನುಭವ

ನಾಟಿ ಹೇಂಟೆಯಡಿ ನಾನು 12ಕ್ಕಿಂತ ಹೆಚ್ಚು ಮೊಟ್ಟೆ ಇಡುವುದಿಲ್ಲ. ಹೇಂಟೆ ಮೊಟ್ಟೆಗಳನ್ನು ಹೊರಳಿಸಿ ಜಾಗ ಬದಲಿಸುತ್ತಲೇ ಇರುತ್ತದೆ. ಮೈಗೆ ಮೀರಿದಷ್ಟು ಇಟ್ಟರೆ ಇವತ್ತು ಎರಡು, ನಾಳೆ ಇನ್ನೆರಡು ಅಂಚಿಗೆ ಬಂದು ತಣ್ಣಗಾಗಿ, ಕೊನೆಗೆ ಅರ್ಧಕ್ಕರ್ಧ ಕೆಡುತ್ತವೆ. ಮೊಟ್ಟೆ ಒಂದು ವಾರಕ್ಕಿಂತ ಹಳೆಯದು ಬೇಡ, ತೊಳೆದದ್ದೂ ಬೇಡ.

ಕೂರಿಸುವ ಮುಂಚೆ ರೆಕ್ಕೆಯಡಿ ಹೇನು ಇದೆಯೇ ನೋಡಲೇಬೇಕು. ಹೇನಿನ ಕಾಟಕ್ಕೆ 15 ದಿನ ಕೂತ ಹೇಂಟೆಯೂ ಗೂಡು ಬಿಟ್ಟೇಳುತ್ತದೆ. ಮಂಕರಿಯ ತಳಕ್ಕೆ ಬೂದಿ ಬೆರೆಸಿದ ಮರಳು, ಮೇಲೆ ಒಣಹುಲ್ಲು ಹಾಕುತ್ತೇನೆ. 7ನೇ ರಾತ್ರಿ ಮೊಟ್ಟೆಗೆ ಟಾರ್ಚ್ ಬೆಳಕು ಹಿಡಿದು, ಒಳಗೆ ರಕ್ತನಾಳ ಕಾಣದವನ್ನು ತೆಗೆಯುತ್ತೇನೆ. 18ನೇ ದಿನದಿಂದ ಮುಟ್ಟುವುದಿಲ್ಲ.

21ನೇ ದಿನ ಮರಿ ಚಿಪ್ಪು ಒಡೆಯುವಾಗ ಸಹಾಯಕ್ಕೆಂದು ಕೈ ಹಾಕಬೇಡಿ. ಒಳಪೊರೆಯ ರಕ್ತನಾಳ ಒಣಗಿರದಿದ್ದರೆ ಮರಿ ರಕ್ತ ಸೋರಿ ಸಾಯುತ್ತದೆ. ಹುಟ್ಟಿದ ಮರಿಗೆ ಹೊಟ್ಟೆಯೊಳಗೆ ಉಳಿದ ಹಳದಿಯೇ ಎರಡು ದಿನದ ಆಹಾರ. ಅದಕ್ಕೇ ಹೇಂಟೆ ಉಳಿದವೂ ಒಡೆಯಲಿ ಎಂದು ನಿಶ್ಚಿಂತೆಯಿಂದ ಕೂತಿರುತ್ತದೆ, ಎಬ್ಬಿಸಬಾರದು.

ಗೂಡಿನಿಂದ ಇಳಿದ ಮೇಲಿನ ಪಾಠ ಪೂರ್ತಿ ತಾಯಿಯದು. ಕಾಳು ಕಂಡರೆ ತಾನು ನುಂಗದೆ, ಕೊಕ್ಕಲ್ಲಿ ಎತ್ತಿ ಎತ್ತಿ ಹಾಕುತ್ತ ‘ಲೊಕ್ ಲೊಕ್’ ಎಂದು ಕರೆಯುತ್ತದೆ. ಮೇಲೆ ಹದ್ದು ಸುಳಿದರೆ ಎಳೆದ ಒಂದೇ ಕೂಗು. ಮರಿಗಳೆಲ್ಲ ಕ್ಷಣದಲ್ಲಿ ಮಾಯ. ಎಷ್ಟು ಸಲ ನೋಡಿದರೂ ಸಾಲದ ನೋಟವದು. ಆದರೆ ಹದ್ದಿಗೂ ಮೀರಿದ ಅಪಾಯ ತೇವ. ಪುಕ್ಕ ಬರುವ ತನಕ ಮರಿಗೆ ತನ್ನ ಮೈಶಾಖ ಹಿಡಿದಿಟ್ಟುಕೊಳ್ಳಲು ಆಗದು. ಬೆಳಗಿನ ಇಬ್ಬನಿಯಲ್ಲಿ ನೆಂದ ಮರಿ ತಾಯಿಯ ಹಿಂದೆ ಓಡಲಾಗದೆ ಅಲ್ಲೇ ಉಳಿಯುತ್ತದೆ. ಮೊದಲ 10 ದಿನ ತಾಯಿಯ ಮೇಲೆ ಬಿದಿರ ಪಂಜರ ಕವುಚಿಡುತ್ತೇನೆ. ಮರಿಗಳು ಕಂಡಿಯಿಂದ ಹೊರಗೆ ಹೋಗಿ, ಚಳಿಯಾದಾಗ ರೆಕ್ಕೆಯಡಿಗೆ ಮರಳುತ್ತವೆ.

ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮರಿ ಬಿದ್ದು ಮುಳುಗುತ್ತದೆ. ತಿನ್ನಲು ನುಚ್ಚು, ನವಣೆ, ಜೊತೆಗೆ ಗೆದ್ದಲು. ಹಳೇ ಮಡಕೆಗೆ ಸಗಣಿ, ಹುಲ್ಲು, ಗೋಣಿಚೂರು ತುಂಬಿ ನೀರು ಚಿಮುಕಿಸಿ, ಗೆದ್ದಲಿರುವಲ್ಲಿ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆಗೆ ಸಿಗುತ್ತದೆ. ಮೊಟ್ಟೆಕೋಳಿಯ ಫೀಡ್ ಬೇಡ, ಅದರ ಸುಣ್ಣ ಮರಿಯ ಮೂತ್ರಪಿಂಡ ಕೆಡಿಸುತ್ತದೆ. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಕಣ್ಣಿಗೊಂದು ಹನಿ ಹಾಕಿಸಿ. ಇದೊಂದು ಮಾತ್ರ ತಾಯಿ ಮಾಡಲಾರದ್ದು.

6ರಿಂದ 8 ವಾರಕ್ಕೆ ಹೇಂಟೆ ಮರಿಗಳನ್ನೇ ಕುಕ್ಕಿ ಓಡಿಸತೊಡಗುತ್ತದೆ. ಮತ್ತೆ ಮೊಟ್ಟೆಗೆ ಬರುತ್ತಿದೆ ಎಂದರ್ಥ. ಆಗ ಮರಿಗಳಿಗೆ ಬೇರೆ ಗೂಡು ಕೊಡಿ.