ಬಾಸ್ ಬೋಟು ನಿಜವಾಗಿ ಎಷ್ಟು ವೇಗ ಹೋಗುತ್ತದೆ? ನನ್ನ ಎರಡು ವರ್ಷದ ಲೆಕ್ಕ

ನನ್ನದು ಬಾಸ್ ಬೋಟು, ಅಂದರೆ ಬಾಸ್ ಎಂಬ ಮೀನು ಹಿಡಿಯೋಕೆ ಮಾಡಿದ ವೇಗದ ದೋಣಿ. ಮಾರಿದವರು ಹೇಳಿದ್ದು ಗಂಟೆಗೆ 75 ಮೈಲಿ. ಬೋಟು ಮನೆಗೆ ಬಂದ ಮೊದಲ ಶನಿವಾರ ಜಿಪಿಎಸ್ ತೋರಿಸಿದ್ದು 66. ನಡುವಿನ ಒಂಬತ್ತು ಮೈಲಿ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಎರಡು ವರ್ಷ ಕಳೆದಿದ್ದೇನೆ. ಒಂದು ನೋಟ್‌ಬುಕ್ ತುಂಬಿದೆ, ಎರಡನೆಯದು ಅರ್ಧ ಆಗಿದೆ.

ನಾನಿರುವುದು ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ. ಇಲ್ಲಿಂದ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಗಂಟರ್ಸ್‌ವಿಲ್ ಕೆರೆ. ಕೆರೆ ಅಂತ ಕರೆದರೂ ಅದು ಟೆನ್ನೆಸಿ ನದಿಗೆ 1939ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು. ಉದ್ದ ಸುಮಾರು 75 ಮೈಲಿ, ಹರವು ಸುಮಾರು 69,000 ಎಕರೆ. ಬಾಸ್ ಮೀನು ಹಿಡಿಯುವವರಿಗೆ ಇದು ದೊಡ್ಡ ಹೆಸರು. ಬಾಸ್‌ಮಾಸ್ಟರ್ ಕ್ಲಾಸಿಕ್ ಪಂದ್ಯ 1976, 2014 ಮತ್ತು 2020ರಲ್ಲಿ ಇಲ್ಲೇ ನಡೆದಿದೆ. ನಾನು ಸಾಗರದ ಕಡೆಯವನು, ಶರಾವತಿ ಹಿನ್ನೀರಿನ ದಡದಲ್ಲಿ ಅಪ್ಪನ ಜೊತೆ ಗಾಳ ಹಾಕುತ್ತಾ ಬೆಳೆದವನು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಹೋಗುವಾಗ ನೀರು ಪಕ್ಕದಲ್ಲಿ ನಿಧಾನವಾಗಿ ಸರಿಯುತ್ತಿತ್ತಲ್ಲ, ಹಿನ್ನೀರು ಅಂದರೆ ನನಗೆ ಅದೇ ಗತಿ. ಇಲ್ಲಿ ಅಂಥದ್ದೇ ನೀರಿನ ಮೇಲೆ ಗಂಟೆಗೆ 110 ಕಿಲೋಮೀಟರ್ ಹೋಗುತ್ತೇನೆ.

ನೋಡದವರಿಗೆ ಒಂದು ಮಾತು. ಬಾಸ್ ಬೋಟು ಅಂದರೆ ತಗ್ಗಾದ, ಚಪ್ಪಟೆ ಡೆಕ್ಕಿನ ಫೈಬರ್‌ಗ್ಲಾಸ್ ದೋಣಿ. ನನ್ನದು 20 ಅಡಿಯದು, ಸೆಕೆಂಡ್ ಹ್ಯಾಂಡ್. ಹಿಂದೆ ಯಮಹಾದ 4.2 ಲೀಟರ್ ವಿ6, 250 ಎಚ್‌ಪಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಎಂಜಿನ್. ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ 250 ಎಚ್‌ಪಿಯೇ ಮಿತಿ, ಹಾಗಾಗಿ ಎಲ್ಲರ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಬಲ. ಆದರೂ ಒಂದು ಬೋಟು 72 ಹೋದರೆ ಪಕ್ಕದ್ದು 65ಕ್ಕೆ ನಿಲ್ಲುತ್ತದೆ. ವ್ಯತ್ಯಾಸ ಇರುವುದು ಹೊಂದಿಸುವುದರಲ್ಲಿ ಮತ್ತು ಆ ದಿನದ ಗಾಳಿ, ನೀರು, ಭಾರದಲ್ಲಿ.

ಇಷ್ಟೆಲ್ಲ ಯಾಕೆ ಬೇಕು ಅಂತ ನನ್ನ ಹೆಂಡತಿ ಕೇಳಿದ್ದಳು, ಸರಿಯಾದ ಪ್ರಶ್ನೆಯೇ. 40 ಮೈಲಿ ದೂರದ ಜಾಗಕ್ಕೆ 65ರಲ್ಲಿ ಹೋದರೆ 37 ನಿಮಿಷ, 70ರಲ್ಲಿ ಹೋದರೆ ಸುಮಾರು 34. ಎರಡೂವರೆ ನಿಮಿಷ ಉಳಿಸೋಕೆ ಯಾರೂ ಎರಡು ವರ್ಷ ಹಾಕುವುದಿಲ್ಲ. ಆದರೆ ಚೆನ್ನಾಗಿ ಹೊಂದಿಸಿದ ಬೋಟು 70 ಮುಟ್ಟುತ್ತದೆ ಅಂದರೆ ಅದೇ ಬೋಟು 50ರಲ್ಲಿ ಆರಾಮಾಗಿ, ಕಡಿಮೆ ಪೆಟ್ರೋಲ್ ಕುಡಿದು, ನೆಟ್ಟಗೆ ಹೋಗುತ್ತದೆ. ನಾನು ದಿನದ ಬಹುಪಾಲು ಓಡಿಸುವುದು 45ರಿಂದ 55ರ ನಡುವೆ. ಟಾಪ್ ಸ್ಪೀಡ್ ನನಗೆ ಬೋಟಿನ ಆರೋಗ್ಯ ಹೇಳುವ ಥರ್ಮಾಮೀಟರ್.

ಮೊದಲು ಕಲಿತದ್ದು ಅಳೆಯುವುದನ್ನು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಅದು ಹಿಂದಿನ ಒಂದು ಸಣ್ಣ ತೂತಿಗೆ ನುಗ್ಗುವ ನೀರಿನ ಒತ್ತಡ ನೋಡಿ ವೇಗ ಹೇಳುತ್ತದೆ. ನನ್ನದು ಯಾವಾಗಲೂ ನಾಲ್ಕೈದು ಮೈಲಿ ಜಾಸ್ತಿ ತೋರಿಸುತ್ತದೆ. ಕಾಣೆಯಾದ ಒಂಬತ್ತು ಮೈಲಿಯಲ್ಲಿ ಅರ್ಧ ಇಲ್ಲೇ ಕರಗಿತು. ಜಿಪಿಎಸ್ ಸರಿ, ಆದರೆ ಅದು ಹೇಳುವುದು ನೆಲದ ಲೆಕ್ಕದ ವೇಗ, ನೀರಿನ ಲೆಕ್ಕದ್ದಲ್ಲ. ನಿಕಾಜಾಕ್ ಅಣೆಕಟ್ಟಿನ ಕೆಳಗೆ, ವಿದ್ಯುತ್ ತಯಾರಿಸಲು ನೀರು ಬಿಟ್ಟಿದ್ದ ಒಂದು ದಿನ, ಇಳಿಜಾರಿಗೆ 71.2 ಬಂತು, ತಿರುಗಿ ಏರಿಗೆ ಬಂದಾಗ 67.1. ಇಳಿಜಾರಿನದ್ದನ್ನು ಮಾತ್ರ ನೋಡಿದ್ದರೆ ನಾನು ಖುಷಿಯಿಂದ ಮನೆಗೆ ಹೋಗುತ್ತಿದ್ದೆ, ಅಲ್ವಾ? ಅವತ್ತಿನಿಂದ ಪ್ರತಿ ಸಲ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ಬರೆಯುತ್ತೇನೆ. ಗಾಳಿಯ ಪೆಟ್ಟೂ ಅದರಲ್ಲಿ ಬಹುಪಾಲು ಸರಿಹೋಗುತ್ತದೆ.

ಬರೀ ವೇಗ ಬರೆದರೂ ಸಾಲದು. ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದೂ ಬೇಕು. ನನ್ನ ನೋಟ್‌ಬುಕ್ಕಿನ ಪ್ರತಿ ಸಾಲಿನಲ್ಲಿ ದಿನಾಂಕ, ಗಾಳಿಯ ಉಷ್ಣತೆ, ಟ್ಯಾಂಕಿನಲ್ಲಿದ್ದ ಪೆಟ್ರೋಲ್, ಎಷ್ಟು ಜನ, ನೀರು ಹೇಗಿತ್ತು, ಎಂಜಿನ್ ಎಷ್ಟು ಎತ್ತರದಲ್ಲಿತ್ತು, ಆರ್‌ಪಿಎಂ, ವೇಗ ಇರುತ್ತವೆ. ಆರ್‌ಪಿಎಂ ಇದ್ದರೆ ಪ್ರಾಪ್ ಎಷ್ಟು ಜಾರುತ್ತಿದೆ ಅಂತ ಗೊತ್ತಾಗುತ್ತದೆ. ಪ್ರಾಪ್ ಅಂದರೆ ನೀರಿನೊಳಗಿನ ಸ್ಕ್ರೂ. 26 ಪಿಚ್ ಅಂದರೆ ಒಂದು ಸುತ್ತಿಗೆ 26 ಇಂಚು ಮುಂದೆ ಹೋಗಬೇಕು, ಆದರೆ ನೀರು ಮರದ ಹಲಗೆಯಲ್ಲ, ಸ್ವಲ್ಪ ಜಾರುತ್ತದೆ. ಲೆಕ್ಕ ಸುಲಭ: ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಬಂದದ್ದನ್ನು ಗೇರ್ ಅನುಪಾತದಿಂದ ಭಾಗಿಸಿ, ಮತ್ತೆ 1056ರಿಂದ ಭಾಗಿಸಿ. ನನ್ನ ಗೇರ್ 1.75. ಮೊದಲ ಶನಿವಾರ 5450 ಆರ್‌ಪಿಎಂ, 26 ಪಿಚ್. ಜಾರದೇ ಇದ್ದಿದ್ದರೆ 76.7 ಮೈಲಿ ಬರಬೇಕಿತ್ತು. ಬಂದದ್ದು 66.2. ಅಂದರೆ ಸುಮಾರು ಶೇ. 14 ಜಾರಿಕೆ. ಇಂಥ ಬೋಟಿಗೆ ಹತ್ತರ ಆಸುಪಾಸು ಇರಬೇಕು. ಎಂಜಿನ್‌ಗೆ ಹೇಳಿರುವ ಮಿತಿ 5000ದಿಂದ 6000, ಹಾಗಾಗಿ 5450ರಲ್ಲಿ ಅದು ತನ್ನ ಪೂರ್ತಿ ಬಲಕ್ಕೆ ಏರುತ್ತಲೇ ಇರಲಿಲ್ಲ. ದೊಡ್ಡ ಗೇರಿನಲ್ಲಿ ಸೈಕಲ್ ತುಳಿದಂತೆ ಒದ್ದಾಡುತ್ತಿತ್ತು.

ಹಾಗಾಗಿ ಮೊದಲ ಕೆಲಸ, 26 ತೆಗೆದು 25 ಪಿಚ್ ಪ್ರಾಪ್ ಹಾಕಿದ್ದು. ಚಿಕ್ಕ ಪಿಚ್ ಹಾಕಿದರೆ ವೇಗ ಕಡಿಮೆ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಆರ್‌ಪಿಎಂ 5650ಕ್ಕೆ ಏರಿತು, ವೇಗ 67.5ಕ್ಕೆ. ಎಂಜಿನ್ ಉಸಿರಾಡೋಕೆ ಶುರುವಾಯಿತು, ಅಷ್ಟೇ.

ಎರಡನೆಯದು ಎತ್ತರ. ಎಂಜಿನ್ ಕೂತಿರುವುದು ಜಾಕ್ ಪ್ಲೇಟ್ ಮೇಲೆ, ಬಟನ್ ಒತ್ತಿದರೆ ಇಡೀ ಎಂಜಿನ್ ಮೇಲೆ ಕೆಳಗೆ ಹೋಗುತ್ತದೆ. ಬೋಟಿನ ತಳದಲ್ಲಿ ಪ್ಯಾಡ್ ಅಂತ ಒಂದು ಚಪ್ಪಟೆ ಪಟ್ಟಿ ಇದೆ, ಪೂರ್ತಿ ವೇಗದಲ್ಲಿ ಬೋಟು ನಿಂತಿರುವುದೇ ಅದರ ಹಿಂತುದಿಯ ಮೇಲೆ. ನನ್ನ ಪ್ರಾಪ್‌ನ ನಡುಗೆರೆ ಆ ಪ್ಯಾಡಿಗಿಂತ 4 ಇಂಚು ಕೆಳಗಿತ್ತು. ಕಾಲು ಇಂಚು ಎತ್ತು, ಓಡಿಸು, ಬರೆದುಕೋ. ಮತ್ತೆ ಕಾಲು ಇಂಚು. ಹೀಗೆ ಒಂದು ಭಾನುವಾರ ಪೂರ್ತಿ ಹೋಯಿತು. 3¼ ಇಂಚಿಗೆ ಬಂದಾಗ 69.1, ಆರ್‌ಪಿಎಂ 5750. ನೀರಿನಲ್ಲಿ ಎಳೆದಾಡುವ ಲೋಹ ಕಡಿಮೆಯಾದಷ್ಟೂ ತಡೆ ಕಡಿಮೆ.

ಆಮೇಲೆ ಆಸೆ ಹೆಚ್ಚಿತು. 2½ ಇಂಚಿಗೆ ಎತ್ತಿದೆ. ವೇಗ ಏರಲಿಲ್ಲ, ಪ್ರಾಪ್ ಗಾಳಿ ಕಚ್ಚೋಕೆ ಶುರು ಮಾಡಿತು. ಅದನ್ನೇ ನೋಡುತ್ತಾ ನೀರಿನ ಒತ್ತಡದ ಮೀಟರ್ ಕಡೆ ಕಣ್ಣು ಹಾಕಲಿಲ್ಲ. ಎಂಜಿನ್ ತಂಪಾಗುವುದು ಕೆಳಗಿನ ತೂತುಗಳಿಂದ ಎಳೆದುಕೊಳ್ಳುವ ಕೆರೆಯ ನೀರಿನಿಂದಲೇ, ಅವು ನೀರಿನಿಂದ ಮೇಲೆ ಬಂದರೆ ಏನಿದೆ? ಅಲಾರಾಂ ಕಿರುಚಿತು, ಎಂಜಿನ್ ತಾನೇ ವೇಗ ಇಳಿಸಿಕೊಂಡಿತು. ತಕ್ಷಣ ಆಫ್ ಮಾಡಿ ಅರ್ಧ ಗಂಟೆ ಕಾದೆ, ಪುಣ್ಯಕ್ಕೆ ಏನೂ ಆಗಿರಲಿಲ್ಲ. ಎತ್ತರದ ಜೊತೆ ಆಟ ಆಡುವವರು ದಯವಿಟ್ಟು ಒತ್ತಡದ ಮೀಟರ್ ಹಾಕಿಸಿಕೊಳ್ಳಿ, ನೋಡಿ ಕೂಡ. ಆಗಸ್ಟಿನಲ್ಲಿ ಇಲ್ಲಿ ಹೈಡ್ರಿಲ್ಲಾ ಕಳೆ ನೀರಿನ ಮೇಲೆಲ್ಲ ಹಬ್ಬಿರುತ್ತದೆ. ಆ ತೂತುಗಳಿಗೆ ಅದು ಸಿಕ್ಕಿಕೊಂಡರೂ ಇದೇ ಕಥೆ.

ಇನ್ನು ಹವಾಮಾನ. ನನಗೆ ಇದರಷ್ಟು ಆಶ್ಚರ್ಯ ತಂದದ್ದು ಬೇರೆ ಇಲ್ಲ. ಒಬ್ಬನೇ, ಅರ್ಧ ಟ್ಯಾಂಕ್, ಅದೇ ಪ್ರಾಪ್, ಅದೇ ಎತ್ತರ. ಜನವರಿಯಲ್ಲಿ 5 ಡಿಗ್ರಿ ಚಳಿಯ ಬೆಳಗ್ಗೆ 71.4 ಮೈಲಿ, 5900 ಆರ್‌ಪಿಎಂ. ಜುಲೈನ 35 ಡಿಗ್ರಿ ಮಧ್ಯಾಹ್ನ 68.3. ಎಂಜಿನ್ ಕೆಟ್ಟಿದೆಯಾ ಅಂತ ಮೊದಲ ಬೇಸಿಗೆಯಲ್ಲಿ ಗಾಬರಿಯಾಗಿದ್ದೆ. ಕೆಟ್ಟಿರಲಿಲ್ಲ. 5 ಡಿಗ್ರಿಗಿಂತ 35 ಡಿಗ್ರಿಯ ಗಾಳಿ ಸುಮಾರು ಶೇ. 10 ತೆಳು. ಎಂಜಿನ್‌ಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ, ಸೆಕೆಯಿದ್ದರೆ ನೀರಾವಿ ಇನ್ನೊಂದಿಷ್ಟು ಜಾಗ ತಿನ್ನುತ್ತದೆ. ಬಲ ಶೇ. 10 ಇಳಿದರೆ ವೇಗ ಹತ್ತಿರ ಹತ್ತಿರ ಶೇ. 5 ಇಳಿಯುತ್ತದೆ, ಯಾಕಂದರೆ ಇಂಥ ಬೋಟುಗಳಲ್ಲಿ ವೇಗ ಏರುವುದು ಬಲ ಮತ್ತು ಭಾರದ ಅನುಪಾತದ ವರ್ಗಮೂಲದ ಹಾಗೆ. 71ರಲ್ಲಿ ಶೇ. 5 ಅಂದರೆ ಮೂರೂವರೆ ಮೈಲಿ. ನನ್ನ ನೋಟ್‌ಬುಕ್ ಹೇಳಿದ್ದು 3.1. ಎತ್ತರದ ಊರಿನ ಕೆರೆಗಳಲ್ಲೂ ಹೀಗೇ, ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3 ಬಲ ಹೋಗುತ್ತದೆ. ಗಂಟರ್ಸ್‌ವಿಲ್ ಸಮುದ್ರಮಟ್ಟದಿಂದ 595 ಅಡಿ ಮಾತ್ರ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು.

ಭಾರದ ವಿಷಯಕ್ಕೆ ಶಿವಮೊಗ್ಗದಿಂದ ಭಾವ ಬಂದಿದ್ದಾಗ ಒಳ್ಳೆಯ ಅಳತೆ ಸಿಕ್ಕಿತು. ಅವರು 90 ಕಿಲೋ. ಲೈಫ್ ಜಾಕೆಟ್ ಬಿಗಿದುಕೊಂಡು ಪಕ್ಕದ ಸೀಟಿನಲ್ಲಿ ಕೂತು, “ನಾನು ಇಳಿದರೆ ಎಷ್ಟು ಜಾಸ್ತಿ ಹೋಗುತ್ತೆ ನೋಡೋಣ” ಅಂತ ಅವರೇ ಹೇಳಿದರು. “ಇಳಿದು ದಡದಲ್ಲಿ ಕೂತಿರಿ ಭಾವ, ಹತ್ತು ನಿಮಿಷ” ಅಂದೆ. ಅವರ ಜೊತೆ 68.2, ಅವರಿಲ್ಲದೆ 69.5. ಒಬ್ಬ ಮನುಷ್ಯ, 1.3 ಮೈಲಿ. ನನ್ನ 46 ಗ್ಯಾಲನ್ ಟ್ಯಾಂಕ್ ತುಂಬಿದರೆ ಪೆಟ್ರೋಲೇ 280 ಪೌಂಡ್. ಮೀನು ಜೀವಂತ ಇಡುವ ಲೈವ್‌ವೆಲ್ ಎರಡೂ ತುಂಬಿದರೆ 30 ಗ್ಯಾಲನ್ ನೀರು, ಅಂದರೆ 250 ಪೌಂಡ್. ಜೊತೆಗೆ ಹೆಣಭಾರದ ಗಾಳದ ಪೆಟ್ಟಿಗೆಗಳು, ಲಂಗರು, ಐಸ್ ಪೆಟ್ಟಿಗೆ. ಪಂದ್ಯದ ಬೇಸಿಗೆ ಬೆಳಗ್ಗೆ, ಇಬ್ಬರು, ಎಲ್ಲ ತುಂಬಿಕೊಂಡು ಹೋದಾಗ ನನ್ನ ಬೋಟು ಹೋಗುವುದು 64.8. ಯಾರಾದರೂ ಎಷ್ಟು ಹೋಗುತ್ತೆ ಅಂತ ಕೇಳಿದರೆ ನಾನು ಹೇಳುವುದು ಈ ಸಂಖ್ಯೆಯನ್ನೇ. ಜನವರಿಯ 71.4 ಸುಳ್ಳಲ್ಲ, ಆದರೆ ಆ ದಿನ ನಾನು ಮೀನು ಹಿಡಿಯೋಕೆ ಹೋಗಿರಲಿಲ್ಲ.

ಭಾರ ಕಾಣದೇ ಇರುವ ಜಾಗದಲ್ಲೂ ಕೂತಿರುತ್ತದೆ. ಒಂದು ಫೆಬ್ರವರಿ ಬೆಳಗ್ಗೆ, ಚಳಿ ಚೆನ್ನಾಗಿತ್ತು, ನೀರೂ ಚೆನ್ನಾಗಿತ್ತು, 70 ದಾಟಲೇಬೇಕಿತ್ತು. 67.4ಕ್ಕೆ ನಿಂತಿತು. ಪ್ರಾಪ್ ನೋಡಿದೆ, ಪ್ಲಗ್ ನೋಡಿದೆ, ಎಲ್ಲ ಸರಿ. ಕೊನೆಗೆ ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪ್ ಸುಮ್ನೆ ಹಾಕಿದರೆ ನೀರು ಬರುತ್ತಲೇ ಇದೆ! ಲೈವ್‌ವೆಲ್ಲಿನ ಪೈಪಿನ ಕ್ಲಿಪ್ ಸಡಿಲಾಗಿ ತಳದಲ್ಲಿ ನೀರು ಸೇರುತ್ತಿತ್ತು. ನೋಟ್‌ಬುಕ್ ಇರದಿದ್ದರೆ ಆ ಮೂರು ಮೈಲಿ ನನ್ನ ಗಮನಕ್ಕೇ ಬರುತ್ತಿರಲಿಲ್ಲ, ಸೋರಿಕೆಯೂ ಗೊತ್ತಾಗುತ್ತಿರಲಿಲ್ಲ.

ನೀರು ಕನ್ನಡಿಯ ಹಾಗಿದ್ದರೆ ಅತಿ ವೇಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ನಿಂತ ನೀರು ತಳಕ್ಕೆ ಅಂಟಿಕೊಳ್ಳುತ್ತದೆ. ಎರಡು ಮೂರು ಇಂಚಿನ ಸಣ್ಣ ತೆರೆ ಇದ್ದರೆ ತಳದಡಿ ಗಾಳಿ ಸೇರಿ ಬೋಟು ಹಗುರಾಗುತ್ತದೆ. ನನಗೆ ಪ್ರತಿ ಸಲ ಹತ್ತಿರ ಹತ್ತಿರ ಒಂದು ಮೈಲಿ ಜಾಸ್ತಿ ಸಿಕ್ಕಿದೆ. ತೆರೆ ಒಂದು ಅಡಿ ಆದರೆ ನಾನು 45ಕ್ಕೆ ಇಳಿಯುತ್ತೇನೆ, ಎರಡು ಅಡಿ ಆದರೆ 25.

ಇನ್ನೊಂದು ವಿಷಯ ಹೇಳಲೇಬೇಕು. 65 ದಾಟಿ ಟ್ರಿಮ್ (ಎಂಜಿನ್ ಎಷ್ಟು ಓರೆಯಾಗಿದೆ ಅನ್ನುವುದು) ಎತ್ತಿ ಮೂತಿ ಮೇಲೆ ಬಂದಾಗ ಬೋಟು ಆ ಕಡೆ ಈ ಕಡೆ ತೂಗೋಕೆ ಶುರುವಾಗುತ್ತದೆ, ಮೊದಲು ಮೆಲ್ಲಗೆ, ಆಮೇಲೆ ಒಂದೊಂದು ತೂಗೂ ಹಿಂದಿನದಕ್ಕಿಂತ ದೊಡ್ಡದಾಗಿ. ಇಲ್ಲಿನವರು ಚೈನ್ ವಾಕ್ ಅನ್ನುತ್ತಾರೆ. ಸಣ್ಣ ಪಟ್ಟಿಯ ಮೇಲೆ ಅಷ್ಟು ದೊಡ್ಡ ಬೋಟು ನಿಂತಿರುವಾಗ ಇದು ಸಹಜ. ಮೊದಲ ಸಲ ನನಗೆ ಕೈಕಾಲು ತಣ್ಣಗಾಯಿತು, ಹೆದರಿ ಒಮ್ಮೆಲೇ ಥ್ರಾಟಲ್ ಬಿಟ್ಟೆ. ಅದು ತಪ್ಪು, ಮೂತಿ ನೀರಿಗೆ ಬಡಿದು ಬೋಟು ಪಕ್ಕಕ್ಕೆ ಎಳೆಯಿತು. ಬೋಟ್ ಕಟ್ಟೆಯಲ್ಲಿ ಪರಿಚಯವಾದ ಹಿರಿಯ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿ ಕೂತು ಕಲಿಸಿದರು. ತೂಗು ಬರುವ ಮುಂಚೆಯೇ ಸ್ಟೀರಿಂಗ್ ಒಂದು ಚೂರು ಆಡಿಸಬೇಕು, ಹಿಡಿತ ತಪ್ಪುತ್ತಿದೆ ಅನ್ನಿಸಿದರೆ ಟ್ರಿಮ್ ಸ್ವಲ್ಪ ಇಳಿಸಿ ಮೆಲ್ಲಗೆ ಥ್ರಾಟಲ್ ಸಡಿಲಿಸಬೇಕು. ಮೂರು ತಿಂಗಳು ಬೇಕಾಯಿತು ಕೈಗೆ ಬರೋಕೆ. ಓಡಿಸುವವರು ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಜಾಕೆಟ್‌ಗೆ ಸಿಕ್ಕಿಸದೆ ಕೀಲಿ ತಿರುಗಿಸುವುದೇ ಇಲ್ಲ. ಏಪ್ರಿಲ್ 2021ರಿಂದ ಇಲ್ಲಿ 26 ಅಡಿಗಿಂತ ಚಿಕ್ಕ ಮೋಟಾರ್ ಬೋಟುಗಳಿಗೆ ಅದು ಕಾನೂನೂ ಹೌದು. ಭಾವ ಬಂದಿದ್ದ ದಿನ ನಾನು 69.5 ಮಾಡಿದ್ದು ಅವರು ದಡದಲ್ಲಿ ಕೂತಿದ್ದಾಗ ಮಾತ್ರ, ಅವರ ಜೊತೆಗಿನ ಓಟದಲ್ಲಿ ನದಿಯ ನಡುಭಾಗ ಖಾಲಿ ಇದೆ ಅಂತ ಎರಡು ಸಲ ನೋಡಿ ಆಮೇಲೆ ಓಡಿಸಿದ್ದು.

ಈ ವರ್ಷ ಮಾಡಿದ ಬದಲಾವಣೆ ಎರಡು. ಮೀನು ಹಿಡಿಯುವಾಗ ಬೋಟನ್ನು ಮೆಲ್ಲಗೆ ಸರಿಸುವ ಟ್ರೋಲಿಂಗ್ ಮೋಟಾರಿನ ಮೂರು ಹಳೇ ಬ್ಯಾಟರಿ ತೆಗೆದು ಲಿಥಿಯಂ ಹಾಕಿದೆ, ನೂರು ಪೌಂಡಿಗಿಂತ ಜಾಸ್ತಿ ಇಳಿಯಿತು. ಒಂದು ಮೈಲಿ ಸಿಗುತ್ತೆ ಅಂದುಕೊಂಡಿದ್ದೆ, ಸಿಕ್ಕಿದ್ದು 0.4. ಹಿಂದಿನ ಭಾರ ಇಳಿದಾಗ ಮೂತಿ ಮೊದಲಿನಷ್ಟು ಏಳುತ್ತಿರಲಿಲ್ಲ, ಹಾಗಾಗಿ ಟ್ರಿಮ್ ಜಾಸ್ತಿ ಕೊಡಬೇಕಾಯಿತು. ಬರೀ ವೇಗಕ್ಕಾಗಿ ಅಷ್ಟು ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. ಇನ್ನೊಂದು, ಮೇ ತಿಂಗಳಿಂದ ಮೂರು ರೆಕ್ಕೆಯ ಪ್ರಾಪ್ ತೆಗೆದು ನಾಲ್ಕು ರೆಕ್ಕೆಯದು ಹಾಕಿದ್ದೇನೆ. ಖಾಲಿ ಬೋಟಿನಲ್ಲಿ ಒಂದು ಮೈಲಿ ಕಡಿಮೆ. ಆದರೆ ಇಬ್ಬರು, ತುಂಬಿದ ಟ್ಯಾಂಕ್, ತುಂಬಿದ ಲೈವ್‌ವೆಲ್ ಇದ್ದಾಗ ಅದೇ 64.8, ತೆರೆಯಲ್ಲಿ ನೀರಿನ ಹಿಡಿತ ಬಿಡುವುದಿಲ್ಲ, ನಿಂತಲ್ಲಿಂದ ಏಳುವುದೂ ಬೇಗ. ಅಕ್ಟೋಬರ್‌ವರೆಗೆ ಅದು ಅಲ್ಲೇ ಇರುತ್ತದೆ.