ಒಂದೇ ಇವೆಂಟಿಗೆ ಹತ್ತಾರು ಕಾಲ್‌ಬ್ಯಾಕ್: ನನ್ನ ಅನುಭವ

ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಇವೆಂಟಿಗೆ (ಪ್ರೋಗ್ರಾಮಿನಲ್ಲಿ ನಡೆಯುವ ಘಟನೆಗೆ) ಒಂದೇ ಕಾಲ್‌ಬ್ಯಾಕ್ (ಅದು ನಡೆದಾಗ ಓಡುವ ಫಂಕ್ಷನ್) ಸಾಕು, ಉಳಿದದ್ದನ್ನೆಲ್ಲ ಅದರೊಳಗಿಂದಲೇ ಕರೆದುಕೋ ಅಂತ ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ಈಗ ನಮ್ಮ 'ಆರ್ಡರ್ ಮುಗಿಯಿತು' ಇವೆಂಟಿಗೆ ಹದಿನಾಲ್ಕೋ ಹದಿನೈದೋ ಕಾಲ್‌ಬ್ಯಾಕ್‌ಗಳಿವೆ. ಯಾವುದೂ ಇನ್ನೊಂದರ ತಂಟೆಗೆ ಹೋಗುವುದಿಲ್ಲ.

ಅವನ್ನು ಇಡಲು ಮೊದಲು ಇದ್ದದ್ದು ಮಾಮೂಲಿ ಅರೇ (ಸಾಲಾಗಿ ಜೋಡಿಸಿದ ಪಟ್ಟಿ). ಸೇರಿಸಲು ಪುಶ್, ತೆಗೆಯಲು ಸ್ಪ್ಲೈಸ್. ಕ್ಯಾಶ್ (cache, ಮತ್ತೆ ಬೇಕಾಗುವ ಡೇಟಾದ ಸಂಗ್ರಹ) ತುಂಬಿಸುವ ಕಾಲ್‌ಬ್ಯಾಕ್ ಒಂದೇ ಸಲ ಓಡಿ ತನ್ನನ್ನೇ ತೆಗೆದುಕೊಳ್ಳುತ್ತಿತ್ತು. ಆಗ ಮುಂದಿನವೆಲ್ಲ ಒಂದೊಂದು ಜಾಗ ಹಿಂದೆ ಸರಿದು, ಪಕ್ಕದಲ್ಲಿದ್ದ ಇನ್‌ವಾಯ್ಸಿಗೆ ಕರೆಯೇ ಹೋಗುತ್ತಿರಲಿಲ್ಲ. ಅದೂ ಸರ್ವರ್ ರೀಸ್ಟಾರ್ಟ್ ಆದ ಮೇಲಿನ ಮೊದಲ ಆರ್ಡರಿಗೆ ಮಾತ್ರ. ಇಂಥದ್ದನ್ನು ಹುಡುಕುವುದು ಹೇಗೆ ಹೇಳಿ!

ದುಡ್ಡು ಹೋದದ್ದು ಬೇರೆ ಕಡೆ. ರೀಕನೆಕ್ಟ್ ಆದಾಗಲೆಲ್ಲ ಎಸ್‌ಎಂಎಸ್ ಕಾಲ್‌ಬ್ಯಾಕ್ ಮತ್ತೊಮ್ಮೆ ಸೇರಿಕೊಳ್ಳುತ್ತಿತ್ತು. ತೆಗೆಯುವ ಸಾಲೇನೋ ಇತ್ತು. ಆದರೆ ಸೇರಿಸುವಾಗ, ತೆಗೆಯುವಾಗ ಎರಡೂ ಕಡೆ ಬೈಂಡ್. ಬೈಂಡ್ ಪ್ರತಿ ಸಲ ಹೊಸ ಫಂಕ್ಷನ್ ಕೊಡುತ್ತದೆ, ಹಳೆಯದು ಸಿಗುವುದೆಲ್ಲಿಂದ? ಒಂದೇ ಮೆಸೇಜ್ ಮೂರು ನಾಲ್ಕು ಸಲ ಹೋಗಿ, ಆ ತಿಂಗಳ ಎಸ್‌ಎಂಎಸ್ ಬಿಲ್ ಸರ್ವರ್ ಖರ್ಚನ್ನೂ ಮೀರಿಸಿತು. ನೋಡ್‌ನ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ Node.js‌ನ) ರೆಡಿಮೇಡ್ ಇವೆಂಟ್‌ಎಮಿಟರ್ ಆಗಿದ್ದರೆ ಒಂದು ಇವೆಂಟಿನ ಲಿಸನರ್‌ಗಳು (ಅಂದರೆ ಕಾಲ್‌ಬ್ಯಾಕ್‌ಗಳು) 10 ದಾಟಿದ ಕೂಡಲೇ ಎಚ್ಚರಿಸುತ್ತಿತ್ತು. ಆದರೆ ಅದರಲ್ಲಿ ಒಂದು ಎರರ್ ಎಸೆದರೆ ಅದರ ನಂತರದವು ಓಡುವುದೇ ಇಲ್ಲ, ನನಗೆ ಬೇಡವಾಗಿತ್ತು.

ಅರೇ ಬದಲು ಸೆಟ್ (ಒಂದೇ ವಸ್ತುವನ್ನು ಎರಡು ಸಲ ಇಡದ ಸಂಗ್ರಹ) ಹಾಕಿ ನೋಡು ಎಂದರು. ಹಾಕಿದೆ. ಸುತ್ತು ನಡೆಯುತ್ತಿರುವಾಗ ಸೇರಿಸಿದ್ದನ್ನೂ ಸೆಟ್ ಅದೇ ಸುತ್ತಿನಲ್ಲಿ ಕರೆಯುತ್ತದೆ. ರೀಟ್ರೈ ಕಾಲ್‌ಬ್ಯಾಕ್ ತನ್ನ ಹೊಸ ನಕಲನ್ನು ಸೇರಿಸುತ್ತಲೇ ಹೋಯಿತು. ಸಿಪಿಯು ನೂರಕ್ಕೆ ಅಂಟಿಕೊಂಡಿತು.

ಕೊನೆಗೆ ನಿಂತದ್ದು ಮ್ಯಾಪ್, ಅಂದರೆ ಒಂದು ಕೀಲಿಗೆ ಒಂದು ವಸ್ತುವನ್ನು ಜೋಡಿಸಿಡುವ ಸಂಗ್ರಹ. ಸಬ್‌ಸ್ಕ್ರೈಬ್ ಮಾಡಿದ (ಸೇರಿಸಿದ) ಪ್ರತಿಯೊಂದಕ್ಕೂ ಹೊಸ ನಂಬರ್. ವಾಪಸ್ ಸಿಗುವುದು ಆ ನಂಬರನ್ನು ತೆಗೆಯುವ ಫಂಕ್ಷನ್. ಹೋಲಿಸುವ ರಗಳೆಯೇ ಇಲ್ಲ. ರೀಕನೆಕ್ಟ್‌ನಲ್ಲಿ ಮೊದಲು ಅದನ್ನು ಕರೆದು, ಆಮೇಲೆ ಹೊಸದಾಗಿ ಸೇರಿಸುತ್ತೇವೆ. ಎಮಿಟ್ (ಇವೆಂಟ್ ನಡೆದಾಗ ಕಾಲ್‌ಬ್ಯಾಕ್‌ಗಳನ್ನೆಲ್ಲ ಕರೆಯುವ ಫಂಕ್ಷನ್) ಪಟ್ಟಿಯ ನಕಲಿನ ಮೇಲೆ ಓಡುತ್ತದೆ, ಕರೆಯುವ ಮುಂಚೆ ಆ ನಂಬರ್ ಇನ್ನೂ ಇದೆಯಾ ಅಂತಲೂ ನೋಡುತ್ತದೆ. ಈ ಚೆಕ್ ದಂಡ ಅಂದವರೇ ಜಾಸ್ತಿ. ಮೊದಲನೆಯದು ಕನೆಕ್ಷನ್ ಮುಚ್ಚಿ ಎರಡನೆಯದನ್ನು ತೆಗೆದಿದ್ದರೂ, ನಕಲಿನಲ್ಲಿ ಅದು ಇದ್ದೇ ಇರುತ್ತದೆ ಅಲ್ವಾ? ಒಂದರ ಎರರ್ ಇನ್ನೊಂದನ್ನು ನಿಲ್ಲಿಸದಿರಲಿ ಅಂತ ಒಂದೊಂದಕ್ಕೂ ಬೇರೆ ಟ್ರೈ-ಕ್ಯಾಚ್ (ಎರರ್ ಹಿಡಿಯುವ ವ್ಯವಸ್ಥೆ). ಅಸಿಂಕ್ (ಕೆಲಸ ಆಮೇಲೆ ಮುಗಿಯುವ) ಕಾಲ್‌ಬ್ಯಾಕ್ ಇದ್ದರೆ ಅದು ಸಾಲದು, ಅವು ಕೊಡುವ ಪ್ರಾಮಿಸ್‌ಗಳನ್ನೆಲ್ಲ (ಮುಂದೆ ಬರುವ ಫಲಿತಾಂಶಗಳನ್ನು) ಆಲ್‌ಸೆಟಲ್ಡ್‌ಗೆ ಕೊಡಬೇಕು; ಯಾವುದು ಸೋತರೂ ಅದು ಎಲ್ಲವೂ ಮುಗಿಯುವವರೆಗೆ ಕಾಯುತ್ತದೆ.

ಎಲ್ಲ ಸೇರಿ ಅರವತ್ತೆಪ್ಪತ್ತು ಸಾಲು. ಬಿಲ್ ಹಳೇ ಮಟ್ಟಕ್ಕೆ ಬಂದ ಮೇಲೆ ಬೇಡ ಅಂದವರೂ ತಮ್ಮ ಮಾಡ್ಯೂಲಿಗೆ ಎತ್ತಿಕೊಂಡರು.

ನಡುವೆ ಸುಮ್ನೆ ವೀಕ್‌ರೆಫ್ (ವಸ್ತುವನ್ನು ಮೆಮೊರಿಯಲ್ಲಿ ಹಿಡಿದಿಡದ ಉಲ್ಲೇಖ) ಕೂಡ ಪ್ರಯತ್ನಿಸಿದೆ, ತೆಗೆಯುವ ಕೆಲಸವೇ ತಪ್ಪಲಿ ಅಂತ. ಜಾಗದಲ್ಲೇ ಬರೆದ ಆ್ಯರೋ ಫಂಕ್ಷನ್‌ಗಳನ್ನು ಬೇರೆ ಯಾರೂ ಹಿಡಿದುಕೊಂಡಿರುವುದಿಲ್ಲವಲ್ಲ, ಬಳಕೆಯಲ್ಲಿಲ್ಲದ ಮೆಮೊರಿ ಖಾಲಿ ಮಾಡುವ ಗಾರ್ಬೇಜ್ ಕಲೆಕ್ಟರ್ ಅವನ್ನೇ ಗುಡಿಸಿಕೊಂಡು ಹೋಯಿತು. ಯಾವುದು ಮೊದಲು ಓಡಬೇಕು ಅನ್ನುವುದಕ್ಕೂ ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.