ಸಿಂಹಗಡದ ಕಾಲು, ಲಡಾಖಿನ ಉಸಿರು

ಪುಣೆಯಲ್ಲಿ ಸೈಕಲ್ ತುಳಿಯುವವರಿಗೆ ಏರು ಹೊಸದಲ್ಲ. ಸಿಂಹಗಡದ ರಸ್ತೆ ಸುಮಾರು ಒಂಬತ್ತು ಕಿಲೋಮೀಟರಿನಲ್ಲಿ ಹತ್ತಿರ ಹತ್ತಿರ 600 ಮೀಟರ್ ಏರುತ್ತದೆ. ಮನಾಲಿ–ಲೇಹ್ ರಸ್ತೆಯ ಹೆಸರಾಂತ ಗಾಟಾ ಲೂಪ್ಸ್‌ನಲ್ಲಿ 21 ತಿರುವುಗಳಿದ್ದರೂ ಕಡಿದು ಅಷ್ಟಿಲ್ಲ. ಭಾರ ಹೊತ್ತ ಸೇನೆಯ ಲಾರಿಗಳು ಹತ್ತಬೇಕಾದ ರಸ್ತೆ ಅದು, ಇಳಿಜಾರನ್ನು ಹದವಾಗಿಯೇ ಇಟ್ಟಿದ್ದಾರೆ. ಆ ರಸ್ತೆಯಲ್ಲಿ ಲೇಹ್‌ವರೆಗೆ ಸೈಕಲ್ ತುಳಿಯಲು ಹೊರಟಿದ್ದ ನಮ್ಮ ಗುಂಪಿನವರು ಇದನ್ನು ಕೇಳಿ ಹಿಗ್ಗಿದರು. ನನಗೆ ಹೆದರಿಕೆ ಇದ್ದದ್ದೇ ಅಲ್ಲಿ. ಕಾಲಿಗೆ ಹಗುರಾದ ರಸ್ತೆಯಲ್ಲಿ ಬೇಗ ಬೇಗ ಸಾಗುತ್ತೇವೆ, ಸಂಜೆಗೆ ಮಲಗಬಾರದಷ್ಟು ಎತ್ತರದಲ್ಲಿ ಮಲಗುತ್ತೇವೆ.

ಗುಂಪು ಎಂದರೆ ಧಾರವಾಡ, ವಿಜಯಪುರ, ಬೆಳಗಾವಿ ಕಡೆಯಿಂದ ನೌಕರಿಗೆ ಬಂದು ಪುಣೆಯಲ್ಲೇ ಬೇರು ಬಿಟ್ಟವರು. ಭಾನುವಾರ ನಸುಕಿಗೆ ಕಾತ್ರಜ್ ಘಾಟ್ ಅಥವಾ ಬೋಪದೇವ್ ಘಾಟ್, ಮೇಲೆ ಚಹಾ, ತಮ್ಮೊಳಗೆ ಕನ್ನಡ, ಚಹಾದವನೊಡನೆ ಮರಾಠಿ. ಹಿಮಾಲಯದ ಯೋಚನೆ ಬಂದ ಮೇಲೆ ತಾಲೀಮಿಗೆ ವಾಯಿಯಿಂದ ಪಾಂಚಗಣಿಗೆ ಹತ್ತುವ ಪಸರಣಿ ಘಾಟ್ ಆರಿಸಿಕೊಂಡೆವು. ಹತ್ತಿ, ಇಳಿದು, ಮತ್ತೆ ಹತ್ತುವುದು. ನಿಯಮ ಒಂದೇ: ಏರುವಾಗ ಪಕ್ಕದವನೊಡನೆ ಪೂರ್ತಿ ವಾಕ್ಯ ಆಡಲು ಉಸಿರು ಇರಬೇಕು. ವೇಗದ ಚಟ ಇರುವವರಿಗೆ ಇದು ಶಿಕ್ಷೆ. ಕೊನೆಗೆ ಉಪಯೋಗಕ್ಕೆ ಬಂದದ್ದು ಇದೊಂದೇ.

ಸೈಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಯರ್ ಚಕ್ರಕ್ಕೆ ಮುಂದೆ 34 ಹಲ್ಲು, ಹಿಂದೆ 34 ಹಲ್ಲು, 35 ಮಿಲಿಮೀಟರ್ ಟೈರು, ಡಿಸ್ಕ್ ಬ್ರೇಕ್. ಡಾಂಬರು ಇದ್ದಕ್ಕಿದ್ದಂತೆ ಮುಗಿದು ಜಲ್ಲಿ ಶುರುವಾಗುವ ಕಡೆ ತೆಳು ಟೈರಿನವರ ಪಾಡು ನೋಡಲಾಗದು. ಪುಣೆಯಿಂದ ಝೇಲಂ ಎಕ್ಸ್‌ಪ್ರೆಸ್‌ನಲ್ಲಿ ಸೈಕಲ್‌ಗಳನ್ನು ಪಾರ್ಸೆಲ್ ಮಾಡಿ ಅಂಬಾಲಾದಲ್ಲಿ ಇಳಿದು ಬಸ್ ಹಿಡಿದೆವು.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ದಾಟಬೇಕಾದ ರೋಹ್ತಾಂಗ್ ಕಣಿವೆದಾರಿ 3,978 ಮೀಟರ್. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾರಿಗಳೆಲ್ಲ ಕೆಳಗಿನಿಂದ ಹೋಗುತ್ತವೆ. ಮೇಲಿನ ಹಳೆಯ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳನ್ನು ಬಿಟ್ಟರೆ ಹೊಗೆಯ ಕಾಟ ಕಡಿಮೆ. ಮಢಿಯಲ್ಲಿ ರಾತ್ರಿ ಕಳೆದು ಮರುದಿನ ಕಣಿವೆ ದಾಟಿದೆವು. ಆಚೆ ಇಳಿದರೆ ಲಾಹೌಲ್. ಮಳೆ ಹಿಂದೆಯೇ ಉಳಿದುಬಿಡುತ್ತದೆ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂಬ ಫಲಕ ಇತ್ತು. ನಮ್ಮ ಇಂಧನ ಚೀಲದಲ್ಲಿತ್ತು: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕರದಂಟು. ರೊಟ್ಟಿಗೆ ತೂಕವಿಲ್ಲ, ಕೆಡುವ ಮಾತಿಲ್ಲ. ಮೇಲೆ ಹೋದಂತೆ ಕರದಂಟು ಮಾತ್ರ ಚಳಿಗೆ ಕಲ್ಲಾಯಿತು. ಅಂಗಿಯೊಳಗೆ ಇಟ್ಟು ಬೆಚ್ಚಗಾಗಿಸಿ ತಿನ್ನಬೇಕಾಯಿತು.

ಲೆಕ್ಕ ಗಟ್ಟಿಯಾಗುವುದು ಜಿಸ್ಪಾದಿಂದ ಮುಂದೆ. 3,000 ಮೀಟರ್ ದಾಟಿದ ಮೇಲೆ ದಿನಕ್ಕೆ ಮಲಗುವ ಎತ್ತರವನ್ನು 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತದೆ ವೈದ್ಯಶಾಸ್ತ್ರ. ಜಿಸ್ಪಾ 3,200ರ ಆಸುಪಾಸು, ಸರ್ಚು 4,290. ಗಟ್ಟಿ ಕಾಲಿನವರು ಬಾರಾಲಾಚಾ ಕಣಿವೆ ದಾಟಿ ಒಂದೇ ದಿನದಲ್ಲಿ ಸರ್ಚು ಮುಟ್ಟಬಲ್ಲರು. ಅದಕ್ಕೇ ಅದು ಮೋಸದ ಹಂತ. ನಾವು ಪತ್ಸೇವುನಲ್ಲಿ ತಂಗಿ, ಮರುದಿನ ಜಿಂಗ್‌ಜಿಂಗ್ ಬಾರ್‌ನಲ್ಲಿ ನಿಂತೆವು. ಹಗಲೆಲ್ಲ ಕೈಯಲ್ಲಿ ಸಮಯ, ಕಾಲಲ್ಲಿ ಬಲ, ಆದರೂ ಡೇರೆಯಲ್ಲಿ ಕುಳಿತು ಚಹಾ ಕುಡಿಯುವುದು. ಗುಂಪು ಜಗಳಾಡಿದ್ದು ಇಲ್ಲಿಯೇ.

ಆ ರಾತ್ರಿ ಯಾರೂ ಸರಿಯಾಗಿ ನಿದ್ರಿಸಲಿಲ್ಲ. ಪಕ್ಕದಲ್ಲಿ ಮಲಗಿದ್ದ ಗೆಳೆಯನ ಉಸಿರು ಕ್ರಮೇಣ ಸಣ್ಣದಾಗಿ ನಿಂತೇಹೋಗುತ್ತಿತ್ತು. ನಾನು ಎದ್ದು ಅಲುಗಾಡಿಸಬೇಕೆನ್ನುವಷ್ಟರಲ್ಲಿ ಜೋರಾಗಿ ಎಳೆದುಕೊಂಡು ಮತ್ತೆ ಶುರು. ಎತ್ತರದಲ್ಲಿ ಇದು ಸಾಮಾನ್ಯ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ಮಿದುಳು ಉಸಿರಾಡು ಎನ್ನುವುದನ್ನೇ ಮರೆಯುತ್ತದೆ. ಆದರೆ ಬೆಳಿಗ್ಗೆ ಅವನಿಗೆ ತಲೆನೋವು, ಊಟದ ವಾಸನೆಗೇ ವಾಕರಿಕೆ. ಇದು ಬೇರೆ, ಎತ್ತರದ ಕಾಯಿಲೆ. ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಸಿ ನೋಡಿದೆವು. ವಾಲಲಿಲ್ಲ, ಮಿದುಳಿಗೆ ಏರಿಲ್ಲ ಎಂದು ಸಮಾಧಾನ. ಆದರೂ ಮೇಲಕ್ಕೆ ಬಿಡಲಿಲ್ಲ. ಕೆಳಗೆ ಹೊರಟಿದ್ದ ಲಾರಿಯೊಂದರಲ್ಲಿ ಅವನನ್ನೂ ಅವನ ಸೈಕಲನ್ನೂ ಹಾಕಿ ಜಿಸ್ಪಾಕ್ಕೆ ಕಳಿಸಿ, ಜೊತೆಗೆ ಒಬ್ಬರು ಹೋದರು. ಎರಡು ರಾತ್ರಿ ಕೆಳಗೆ ಮಲಗಿದ್ದೇ ಅವನಿಗೆ ಔಷಧಿಯಾಯಿತು. ಆಮೇಲೆ ಜೀಪಿನಲ್ಲಿ ನಮ್ಮನ್ನು ಕೂಡಿಕೊಂಡ. ಎತ್ತರದ ಕಾಯಿಲೆಗೆ ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ಊರಿನಲ್ಲೇ ವೈದ್ಯರನ್ನು ಕೇಳಿ ತಂದಿದ್ದೆವು. ಆದರೆ ಅದನ್ನು ನುಂಗಿ ಏರುತ್ತಲೇ ಇರಬಹುದು ಎನ್ನುವವರ ಜೊತೆ ನಾನು ಹೋಗುವುದಿಲ್ಲ.

ನೀರಿನ ಹೊಳೆಗಳದು ಇನ್ನೊಂದು ಗಡಿಯಾರ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ರಸ್ತೆ ದಾಟುವ ನಾಲೆಗಳು ಮೊಣಕಾಲಿಗೆ ಬರುತ್ತವೆ. ಬೆಳಿಗ್ಗೆ ಅದೇ ಜಾಗದಲ್ಲಿ ಚಪ್ಪಲಿಯೂ ನೆನೆಯದು. ಹಾಗಾಗಿ ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನಕ್ಕೆ ಮುಗಿಸುವುದು. ಬಾರಾಲಾಚಾದ ಕೆಳಗೆ ಸೂರಜ್ ತಾಲ್ ಎಂಬ ಸರೋವರದ ದಂಡೆಯಲ್ಲಿ ನಿಂತೆವು. ಭಾಗಾ ಹುಟ್ಟುವುದು ಅಲ್ಲಿ. ಬಾರಾಲಾಚಾ ಸುಮಾರು 4,890 ಮೀಟರ್. ಗಾಟಾ ಲೂಪ್ಸ್‌ನ ನಡುವೆ ಸತ್ತ ಲಾರಿ ಕ್ಲೀನರನ ಆತ್ಮಕ್ಕೆಂದು ಜನ ನೀರಿನ ಬಾಟಲಿ ಅರ್ಪಿಸುವ ಗುಡಿಯಿದೆ. ಪ್ಲಾಸ್ಟಿಕ್ ರಾಶಿ ನೋಡಿ ಭಕ್ತಿಗಿಂತ ಬೇಸರವೇ ಹೆಚ್ಚಾಯಿತು.

ಪಾಂಗ್‌ನ ಡೇರೆ ಢಾಬಾಗಳಲ್ಲಿ ಮ್ಯಾಗಿ, ರಾಜ್ಮಾ ಅನ್ನ, ಕಂಬಳಿಗಳ ಗುಡ್ಡೆ. ಆ ಎತ್ತರದಲ್ಲಿ ನೀರು 85 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅಕ್ಕಿ ಸರಿಯಾಗಿ ಬೇಯುವುದಿಲ್ಲ, ಬೇಳೆಯಂತೂ ಇಲ್ಲವೇ ಇಲ್ಲ. ಅದಾದ ಮೇಲೆ ಮೋರೆ ಬಯಲು: ನಲವತ್ತು ಕಿಲೋಮೀಟರ್ ಮಟ್ಟಸ ರಸ್ತೆ, ಎದುರುಗಾಳಿ. ಪಸರಣಿಯ ಏರಿಗಿಂತ ಈ ಸಮತಟ್ಟು ನನ್ನನ್ನು ಹೆಚ್ಚು ಬಳಲಿಸಿತು. ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಮುಂದಿನವರನ್ನು ಬದಲಿಸುತ್ತ ಹೋದೆವು.

ತಂಗ್ಲಾಂಗ್ ಲಾ ಕಣಿವೆದಾರಿಯ ಫಲಕದಲ್ಲಿ 17,582 ಅಡಿ ಎಂದಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ವೇಗ ಗಂಟೆಗೆ ಐದಾರು ಕಿಲೋಮೀಟರಿಗೆ ಇಳಿದಿತ್ತು. ನೀರು ಕುಡಿಯಲು ಬಾಟಲಿ ಬಾಯಿಗಿಟ್ಟ ಆ ಕ್ಷಣದ ಉಸಿರು ತಪ್ಪಿದರೂ ಎದೆ ಹಪಹಪಿಸುತ್ತಿತ್ತು. ಹಾಗಾಗಿ ಕುಡಿಯಲು ಇಳಿದು ನಿಲ್ಲುವುದನ್ನು ರೂಢಿ ಮಾಡಿಕೊಂಡೆವು. ಪೂರ್ತಿ ವಾಕ್ಯದ ನಿಯಮ ಅಲ್ಲಿ ಎರಡು ಪದಕ್ಕೆ ಇಳಿಯಿತು. ಫೋಟೋ ತೆಗೆದ ಕೂಡಲೇ ಕೆಳಗಿಳಿದೆವು. ರುಮ್ಸೆ, ಉಪ್ಶಿ, ಅಲ್ಲಿಂದ ಸಿಂಧೂ ನದಿಯ ಜೊತೆಗೇ ಲೇಹ್.

ವಾಪಸು ವಿಮಾನದಲ್ಲಿ. ಲೇಹ್‌ನ ಸೈಕಲ್ ಅಂಗಡಿಗಳಲ್ಲಿ ರಟ್ಟಿನ ಪೆಟ್ಟಿಗೆ ಕೇಳಿದರೆ ಸಿಗುತ್ತದೆ. ಪೆಡಲ್ ಬಿಚ್ಚುವಾಗ ಎಡಗಡೆಯದರ ತಿರುಪು ಉಲ್ಟಾ ಎಂಬುದು ನೆನಪಿರಲಿ. ಟೈರಿನ ಗಾಳಿ ಇಳಿಸಿ, ಪವರ್ ಬ್ಯಾಂಕನ್ನು ಪೆಟ್ಟಿಗೆಯಿಂದ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ತಪಾಸಣೆಯವರು ಇಡೀ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿಸುತ್ತಾರೆ.